ಮಡಿಕೇರಿಯಲ್ಲಿ ತಂಪು, ಸುಳ್ಯದಲ್ಲಿ ಬೆವರು

ನಮ್ಮ ಕಾರಿನ ಏಸಿ ಯಾವಾಗ ಸೊರಗಿತೋ ನನಗೇ ಗೊತ್ತಾಗಲಿಲ್ಲ. ಮನೆ ಮಡಿಕೇರಿ ಹತ್ತಿರ, ತೋಟದ ನಡುವೆ. ಇಲ್ಲಿ ಏಪ್ರಿಲ್‌ನಲ್ಲೂ ಕಿಟಕಿ ಇಳಿಸಿದರೆ ಸಾಕು. ಏಸಿ ಹಾಕುವುದು ಮಳೆಗಾಲದ ಮೂರು ನಾಲ್ಕು ತಿಂಗಳು, ಅದೂ ಮುಂದಿನ ಗಾಜಿಗೆ ಒಳಗಿನಿಂದ ಕವಿಯುವ ಮಂಜು ಬಿಡಿಸಲು. ಹೊರಗೇ 20 ಡಿಗ್ರಿ ಇರುವಾಗ ಒಳಗೆ ಬರುವ ಗಾಳಿ ತಣ್ಣಗಿದ್ದರೆ ಅದು ಏಸಿಯ ಪುಣ್ಯವೋ ಮಡಿಕೇರಿಯ ಪುಣ್ಯವೋ ಹೇಗೆ ಹೇಳುವುದು?

ಗೊತ್ತಾದದ್ದು ಸುಳ್ಯದಲ್ಲಿ, ಮಾವನ ಮನೆಗೆ ಹೋದಾಗ. ಘಾಟಿ ಇಳಿದು ಸಂಪಾಜೆಯಲ್ಲಿ ಕಿಟಕಿ ಏರಿಸಿದೆವು. ಅರಂತೋಡು ದಾಟುವಷ್ಟರಲ್ಲಿ ಅಂಗಿ ಸೀಟಿಗೆ ಅಂಟಿತ್ತು. ಸಂಜೆ ನನ್ನ ಜೊತೆ ಪೇಟೆಗೆ ಬಂದ ಹೆಂಡತಿಯ ತಮ್ಮ ಕೇಳಿಯೇಬಿಟ್ಟ: "ಇದು ಏಸಿಯಾ ಭಾವ, ಬರೀ ಫ್ಯಾನಾ?" ಆಮೇಲೆ ಕೈ ಚಾಚಿ ಒಂದು ಲಿವರ್ ಸರಿಸಿದ. "ಹೊರಗಿನ ಗಾಳಿ ಎಳೀತಾ ಉಂಟಲ್ಲ ಇದು!"

ಮೊದಲ ತಪ್ಪು ಅದೇ. ಮಂಜು ಬಿಡಿಸಲು ಹೊರಗಾಳಿಯ ಕಡೆ ಇಟ್ಟಿದ್ದ ಲಿವರನ್ನು ವರ್ಷವಿಡೀ ಮುಟ್ಟಿರಲಿಲ್ಲ. ಸುಳ್ಯದ ಗಾಳಿಯಲ್ಲಿ ಬಿಸಿಗಿಂತ ತೇವದ ಕಾಟ ಜಾಸ್ತಿ. ಆ ತೇವವನ್ನು ನೀರಾಗಿಸಿ ಕೆಳಗೆ ತೊಟ್ಟಿಕ್ಕಿಸುವುದರಲ್ಲೇ ಏಸಿಯ ಅರ್ಧ ಶಕ್ತಿ ಹೋಗುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸಿದರೆ ಒಮ್ಮೆ ಒಣಗಿಸಿದ ಗಾಳಿಯನ್ನೇ ಮತ್ತೆ ತಣಿಸಿದರಾಯಿತು. ಕಾಸು ಖರ್ಚಿಲ್ಲದೆ ಸ್ವಲ್ಪ ನೆಮ್ಮದಿ ಸಿಕ್ಕಿತು, ಸ್ವಲ್ಪ ಮಾತ್ರ.

ಎರಡನೇ ತಪ್ಪಿಗೆ ಕಾಸು ಹೋಯಿತು. ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಕಾರು ನಿಲ್ಲಿಸಿದೆ. ಹುಡುಗ ಬಾನೆಟ್ ಎತ್ತಿ ನೋಡಿದ, "ಗ್ಯಾಸ್ ಕಮ್ಮಿ ಸಾರ್" ಅಂದ, ಪೈಪ್ ಸಿಕ್ಕಿಸಿ ಬುಸ್ ಅನ್ನಿಸಿದ. ತೂಕ ಮಾಡಲಿಲ್ಲ, ಎಲ್ಲಿ ಸೋರಿದೆ ಅಂತ ಹುಡುಕಲೂ ಇಲ್ಲ. ಮೂರು ವಾರ ಚಳಿ ಹಿಡಿಸಿತು, ಆಮೇಲೆ ಯಥಾಪ್ರಕಾರ. ಏಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವಂಥದ್ದಲ್ಲ. ಮೂರು ವಾರದಲ್ಲಿ ಇಳಿಯಿತು ಅಂದರೆ ದಾರಿ ಮಾಡಿಕೊಂಡಿದೆ ಅಂತಲೇ ಅರ್ಥ. ಇಷ್ಟು ಹೊಳೆಯಲು ನನಗೆ ಸಾವಿರದ ಚಿಲ್ಲರೆ ರೂಪಾಯಿ ಬೇಕಾಯಿತು.

ಆಮೇಲೆ ಊಹೆ ಬಿಟ್ಟು ಅಳೆಯಲು ಕೂತೆ. ಅಡುಗೆಮನೆಗೆ ತಂದಿದ್ದ ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರನ್ನು ಡ್ಯಾಶ್‌ಬೋರ್ಡಿನ ನಡುವಿನ ಗಾಳಿಕಿಂಡಿಗೆ ಸಿಕ್ಕಿಸಿದೆ. ಮಡಿಕೇರಿಯಲ್ಲಿ ಬೆಳಿಗ್ಗೆ 11 ಡಿಗ್ರಿ, ನೋಡಿದರೆ ಏನೂ ಕೊರತೆಯಿಲ್ಲ. ಅದೇ ಕಾರು ಸುಳ್ಯದ ನಡುಮಧ್ಯಾಹ್ನದಲ್ಲಿ 19 ತೋರಿಸಿತು. ಚೆನ್ನಾಗಿರುವ ಏಸಿ ಅಲ್ಲೂ 10ರ ಆಚೀಚೆ ಇರಬೇಕು. ಘಟ್ಟದ ಮೇಲಿನವರಿಗೆ ನಾನು ಹೇಳುವುದಿಷ್ಟೇ: ಏಸಿ ಪರೀಕ್ಷೆಯನ್ನು ಮನೆಯಂಗಳದಲ್ಲಿ ಮಾಡಬೇಡಿ, ಇಳಿದು ಹೋಗಿ ಮಾಡಿ.

ಗ್ಲೋವ್ ಬಾಕ್ಸ್ ಬಿಚ್ಚಿದೆ. ಅದರ ಹಿಂದಿರುವ ಫಿಲ್ಟರನ್ನು ಎಳೆದಾಗ ಮಡಿಲಿಗೆ ಬಿದ್ದದ್ದು ಕಾಫಿ ಹೊಟ್ಟು, ಸಿಲ್ವರ್ ಓಕ್ ಎಲೆಯ ಚೂರು, ಸೀಟಿನ ಹತ್ತಿ, ಜೊತೆಗೆ ಇಲಿ ಹಿಕ್ಕೆ. ಕಾಫಿ ಒಣಗಿಸುವ ದಿನಗಳಲ್ಲಿ ಕಾರನ್ನು ಕಣದ ಪಕ್ಕ ನಿಲ್ಲಿಸುತ್ತೇವೆ, ಇಲಿಗಳಿಗೆ ಅದು ತೋಟದ ಆಳುಗಳ ಸಾಲುಮನೆಯಂಥ ಲೈನ್ ಮನೆ. ಬ್ಲೋವರ್ ನಾಲ್ಕರಲ್ಲಿ ಭೋರ್ಗರೆದರೂ ಗಾಳಿ ಬಾರದಿದ್ದದ್ದು ಇದಕ್ಕೇ. ಹೊಸ ಫಿಲ್ಟರ್ ಹಾಕಿದೆ, ಬ್ಲೋವರ್ ಬಿಚ್ಚಿ ರೆಕ್ಕೆ ಒರೆಸಿದೆ. ಹಳೆಯದನ್ನು ತೊಳೆದು ಹಾಕುವ ಆಸೆ ಬೇಡ, ಕಾಗದದ್ದು ನೀರು ಕುಡಿದು ಮುದುಡುತ್ತದೆ.

ಗಾಳಿ ಬಂತು. ಆದರೆ ಕಾರು ಓಡುವಾಗ ತಂಪು, ನಿಂತರೆ ಬಿಸಿ. ಇದು ಕಂಡೆನ್ಸರ್ ಕಡೆ ಬೆರಳು ತೋರಿಸುವ ಲಕ್ಷಣ. ರೇಡಿಯೇಟರಿಗಿಂತ ಮುಂದೆ, ಜಾಲರಿಯ ಹಿಂದೆ ನಿಲ್ಲುವ ಅದರ ಕೆಲಸ ಒಳಗಿನಿಂದ ಹೊತ್ತು ತಂದ ಶಾಖವನ್ನು ಹೊರಗೆ ಬಿಡುವುದು. ಒಂದು ಸುಲಭದ ಪರೀಕ್ಷೆ ಮಾಡಿದೆ. ಸುಳ್ಯದಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಏಸಿ ಹಾಕಿ, ಬಾವಿಕಟ್ಟೆಯ ಪೈಪಿನಿಂದ ಕಂಡೆನ್ಸರಿಗೆ ನೀರು ಬಿಟ್ಟೆ. ಒಳಗೆ ಕೂತಿದ್ದ ಭಾವಮೈದ ಥರ್ಮಾಮೀಟರ್ ಓದುತ್ತಾ ಹೋದ: "18... 16... 14!" ಫ್ಯಾನ್ ಏಸಿ ಜೊತೆಗೇ ತಿರುಗುತ್ತಿತ್ತು, ಹಾಗಾಗಿ ಅದರ ತಪ್ಪಲ್ಲ. ಬಂಪರ್ ಬಿಚ್ಚಿ ನೋಡಿದರೆ ತೋಟದ ದಾರಿಯ ಕೆಂಪು ಮಣ್ಣು, ಹುಳುಗಳು, ಒಣ ಎಲೆ ಸೇರಿ ಕಂಡೆನ್ಸರ್ ಮೇಲೆ ಗೋಡೆ ಮೆತ್ತಿದ ಹಾಗಿತ್ತು. ಸೋಪಿನ ನೀರಲ್ಲಿ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ ತೊಳೆದೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಹೊಡೆಸಬೇಡಿ. ಆ ತೆಳು ತಗಡುಗಳು ಬಾಗಿದರೆ ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಸೋರಿಕೆ ಮಾತ್ರ ನನ್ನ ಕೈಮೀರಿದ್ದು. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುವುದರಿಂದ ಸೋರುವ ಕಡೆ ಜಿಡ್ಡಿಗೆ ಧೂಳು ಅಂಟಿರುತ್ತದೆ. ನನಗೆ ಅದು ಕಂಡದ್ದು ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರಿನ ಮುಂದೆ, ಅದನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಸುತ್ತ. ಕುಶಾಲನಗರದಲ್ಲಿ ಏಸಿ ಕೆಲಸವನ್ನೇ ಮಾಡುವ ಮೆಕ್ಯಾನಿಕ್ ಒಬ್ಬರು ಟಾರ್ಚ್ ಬಿಟ್ಟು ನೋಡಿ ನಕ್ಕರು. "ಮೇಲಿನವರಾ ಸಾರ್? ನೀವು ಏಸಿ ಹಾಕೋದೇ ಇಲ್ಲ, ಸೀಲ್ ಒಣಗಿ ಹೋಗುತ್ತೆ." ಏಸಿ ಓಡಿದರಷ್ಟೇ ಎಣ್ಣೆ ತಿರುಗಿ ಕಂಪ್ರೆಸರ್ ಶಾಫ್ಟಿನ ಸೀಲನ್ನು ಒದ್ದೆಯಾಗಿ ಇಡುತ್ತದಂತೆ. ಅಕ್ಟೋಬರಿನಿಂದ ಮೇವರೆಗೆ ನಾನು ಮುಟ್ಟದೆ "ಉಳಿಸಿದ್ದ" ಏಸಿಗೆ ಆ ಉಳಿತಾಯವೇ ಮುಳುವಾಗಿತ್ತು.

ಅವರು ಇದ್ದ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು ಸೀಲ್, ಪೈಪಿನ ಸಂದು ಮುಚ್ಚುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳು, ತೇವ ಹೀರುವ ಡ್ರೈಯರ್ ಎಲ್ಲ ಹೊಸದು ಹಾಕಿದರು. ನೈಟ್ರೋಜನ್ ತುಂಬಿ ಸೋರಿಕೆ ನೋಡಿದರು, ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದರು, ಅಂದರೆ ಪೈಪುಗಳೊಳಗಿನ ಗಾಳಿ, ತೇವವನ್ನೆಲ್ಲ ಪಂಪಿನಿಂದ ಹೀರಿ ತೆಗೆದರು. ವ್ಯಾಕ್ಯೂಮನ್ನು ಪಾದರಸದ ಇಂಚಿನಲ್ಲಿ ಅಳೆಯುವ ಮೀಟರ್ 27 ಇಂಚಿಗೆ ನಿಂತದ್ದು ನೋಡಿ ನನಗೆ ಅನುಮಾನ, ಸುಮಾರು 30ಕ್ಕೆ ಹೋಗಬೇಕು ಅಂತ ಎಲ್ಲೋ ಓದಿದ್ದೆ. ಅದು ಸಮುದ್ರಮಟ್ಟದ ಲೆಕ್ಕವಂತೆ. ಪ್ರತಿ ಸಾವಿರ ಅಡಿ ಮೇಲೆ ಹೋದಂತೆ ಸುಮಾರು ಒಂದು ಇಂಚು ಕಮ್ಮಿಯಾಗುತ್ತದೆ, ಮಡಿಕೇರಿಯಲ್ಲಾದರೆ 26ರ ಹತ್ತಿರವೇ ನಿಲ್ಲುತ್ತದೆ. ಕೊನೆಗೆ ಬಾನೆಟ್ ಅಡಿಯ ಸ್ಟಿಕ್ಕರ್ ನೋಡಿ ಆರ್-134ಎ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಬಿಟ್ಟರು. ನನ್ನ ಕಾರಿಗೆ ಬೇಕಾದದ್ದು 380 ಗ್ರಾಂ. ಜಾಸ್ತಿ ತುಂಬಿದರೆ ಜಾಸ್ತಿ ತಂಪಾಗುವುದಿಲ್ಲ, ಒತ್ತಡ ಏರಿ ತಂಪು ಇಳಿಯುತ್ತದೆ.

ಇಷ್ಟೆಲ್ಲ ಆಗಿ ಸುಳ್ಯದಲ್ಲಿ ಅಳೆದರೆ 13. ಇನ್ನೂ ಮೂರು ಡಿಗ್ರಿ ಎಲ್ಲಿ? ನನ್ನ ಪಾಲಿಗೆ ಇಡೀ ಕೆಲಸದಲ್ಲಿ ಮಜಾ ಬಂದ ಭಾಗ ಇದು. ಡಿಸೆಂಬರ್, ಜನವರಿ ಬೆಳಿಗ್ಗೆಗಳಲ್ಲಿ ನಾವು ಹೀಟರ್ ಹಾಕುತ್ತೇವೆ, ಬಯಲಿನವರಿಗೆ ಆ ಗುಂಡಿಯ ನೆನಪೇ ಇರುವುದಿಲ್ಲ. ನನ್ನ ಕಾರಿನಲ್ಲಿ ಆ ಗುಂಡಿ ತಿರುಗಿಸಿದರೆ ಒಂದು ಕೇಬಲ್ ಡ್ಯಾಶ್‌ಬೋರ್ಡಿನೊಳಗಿನ ಬಾಗಿಲನ್ನು ಎಳೆಯುತ್ತದೆ. ಕೇಬಲಿನ ಕ್ಲಿಪ್ ಜಾರಿ, ಗುಂಡಿ ಪೂರ್ತಿ ನೀಲಿಯಲ್ಲಿದ್ದರೂ ಬಾಗಿಲು ಒಂದು ಬೆರಳಷ್ಟು ತೆರೆದೇ ಇತ್ತು. ತಣಿದ ಗಾಳಿಗೆ ಎಂಜಿನ್ನಿನ ಬಿಸಿ ಬೆರೆಯುತ್ತಿತ್ತು. ಕಾಲಿಡುವ ಜಾಗದಲ್ಲಿ ತಲೆಕೆಳಗಾಗಿ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕೇಬಲನ್ನು ಎಳೆದು ಕ್ಲಿಪ್ ಕೂರಿಸಿದೆ. ಕುತ್ತಿಗೆ ಎರಡು ದಿನ ಹಿಡಿದಿತ್ತು, ಗಾಳಿ 9ಕ್ಕೆ ಇಳಿದಿತ್ತು.

ಈಗ ಭಾನುವಾರ ಬೆಳಿಗ್ಗೆ ಚಳಿಯಿದ್ದರೂ ಅಂಗಳದಲ್ಲಿ ಹತ್ತು ನಿಮಿಷ ಏಸಿ ಓಡಿಸುತ್ತೇನೆ. ಅಮ್ಮ ಜಗಲಿಯಿಂದ ನೋಡಿ, ಮಗನಿಗೆ ತಲೆ ಕೆಟ್ಟಿದೆ ಅನ್ನುವ ಮುಖ ಮಾಡುತ್ತಾರೆ. ಕಾರನ್ನು ಕಣದಿಂದ ದೂರ ನಿಲ್ಲಿಸಿದ್ದೇನೆ, ಗಾಳಿ ಒಳಹೋಗುವ ಬಾಯಿಗೆ ಕಬ್ಬಿಣದ ಬಲೆ ಕಟ್ಟಿದ್ದೇನೆ. ಆದರೂ ಈ ಜುಲೈನಲ್ಲಿ ಫಿಲ್ಟರ್ ತೆಗೆದಾಗ ಒಂದು ಮೂಲೆ ಕಡಿದಿತ್ತು. ಬಲೆ ಹಾಗೇ ಇದೆ, ಇಲಿ ಬೇರೆಲ್ಲಿಂದಲೋ ಬರುತ್ತಿದೆ. ಅದನ್ನಿನ್ನೂ ಹುಡುಕುತ್ತಿದ್ದೇನೆ.