ಹಿತ್ತಲಲ್ಲಿ ಕೋಳಿಮರಿ: ಮೊದಲ ಸಲ ಕಾವಿಗೆ ಕೂಡಿಸುವವರಿಗೆ

ಕಲಬುರಗಿಯಲ್ಲಿ ಕೋಳಿಮರಿ ಮಾಡಿಸಬೇಕೆಂದರೆ ಮೊದಲು ಕ್ಯಾಲೆಂಡರ್ ನೋಡಿ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುತ್ತದೆ. ತತ್ತಿಯೊಳಗಿನ ಜೀವಕ್ಕೆ ಬೇಕಿರುವುದು 37.5 ಡಿಗ್ರಿ ಆಸುಪಾಸು ಮಾತ್ರ. ಎತ್ತಿಟ್ಟ ತತ್ತಿಯೂ ಸೆಕೆಗೆ ಅರೆಬರೆ ಬೆಳೆದು ಕೆಡುತ್ತದೆ. ಆದ್ದರಿಂದ ದಸರಾ ಆದ ಮೇಲೆ ಶುರು ಮಾಡಿ, ಶಿವರಾತ್ರಿಯೊಳಗೆ ಮುಗಿಸಿ. ನಾನು ಮೊದಲ ಸಲ ಮಾಡಿಸಿದ್ದು ತೊಗರಿ ರಾಶಿಯ ಹೊತ್ತಿಗೆ.

ಯಂತ್ರ ಬೇಕಿಲ್ಲ, ಜವಾರಿ ಹೇಟೆ ಸಾಕು. ಗಿರಿರಾಜ ಎಂಬ ಸುಧಾರಿತ ತಳಿಯ ಕೋಳಿ ತತ್ತಿ ಚೆನ್ನಾಗಿ ಇಟ್ಟರೂ ಕಾವಿಗೆ ಕೂರುವುದು ಅಪರೂಪ. ಕಾವು ಬಂದ ಹೇಟೆ ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಗರಿ ಕೆದರುತ್ತದೆ. ಎರಡು ದಿನ ಹಾಗೇ ಕೂತರೆ ಗಟ್ಟಿ.

ತೊಗರಿ ಕಟ್ಟಿಗೆಯ ಬುಟ್ಟಿಗೆ ಬೂದಿ ಹಾಕಿ, ಮೇಲೆ ಒಣಹುಲ್ಲು ಹರಡಿ. ಹೇನಿನ ಕಾಟಕ್ಕೆ ಒಂದು ಹಿಡಿ ಬೇವಿನ ಸೊಪ್ಪು. ಹುಂಜ ಇರುವ ಮನೆಯ ತತ್ತಿಯೇ ಬೇಕು, ಅಂಗಡಿಯ ಫಾರಂ ತತ್ತಿಯಲ್ಲಿ ಮರಿ ಆಗುವುದಿಲ್ಲ. ಇಟ್ಟು ವಾರ ದಾಟಿರಬಾರದು. ತೊಳೆಯಲೂ ಬಾರದು, ಮೇಲಿನ ತೆಳು ಲೇಪ ಹೋಗಿ ಕೊಳೆ ಒಳಗಿಳಿಯುತ್ತದೆ. ಒಂದು ಹೇಟೆಗೆ 10-12 ತತ್ತಿ ಸಾಕು. ಕತ್ತಲಾದ ಮೇಲೆ ಕೆಳಗೆ ಸರಿಸಿದರೆ ಗಲಾಟೆ ಇಲ್ಲ.

ತತ್ತಿ ತಿರುಗಿಸುವ ಕೆಲಸ ಹೇಟೆಯದೇ. ದಿನಕ್ಕೊಮ್ಮೆ ಎದ್ದು ಬರುತ್ತದೆ, ಆಗ ಕಾಳು, ನೀರು ಹತ್ತಿರದಲ್ಲೇ ಇರಲಿ.

ಏಳನೇ ದಿನ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ತತ್ತಿಯ ದಪ್ಪ ತುದಿ ಇಟ್ಟು ನೋಡಿ. ಜೀವ ಹಿಡಿದಿದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡರ ಕಾಲಿನಂತೆ ಕೆಂಪು ನರಗಳು. ತಾಳ್ಮೆಯಿಂದ ನೋಡಿದರೆ ಚುಕ್ಕೆ ಅಲುಗುವುದೂ ಕಾಣುತ್ತದೆ. ಏನೂ ಇಲ್ಲದೆ ತಿಳಿಯಾಗಿ ಹೊಳೆಯುವುದನ್ನು ತೆಗೆದುಬಿಡಿ. 18ನೇ ದಿನದಿಂದ ಯಾವುದನ್ನೂ ಮುಟ್ಟಬೇಡಿ.

21ನೇ ದಿನದ ಹೊತ್ತಿಗೆ ಚಿಪ್ಪಿನಲ್ಲಿ ಚಿಕ್ಕ ಬಿರುಕು, ಒಳಗಿಂದ ಚಿಂವ್ ಚಿಂವ್. ನಂತರ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಸಹಾಯ ಮಾಡಲು ಕೈ ತುರಿಸುವುದು ಇಲ್ಲೇ. ಚಿಪ್ಪು ಸುಲಿಯಲು ಹೋಗಬೇಡಿ. ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಹಳದಿ ಲೋಳೆ ಪೂರ್ತಿ ಹೊಟ್ಟೆಗೆ ಸೇರಿರುವುದಿಲ್ಲ. ಪೊರೆ ಕಿತ್ತರೆ ಮರಿ ರಕ್ತ ಹೋಗಿ ಸಾಯುತ್ತದೆ. "ಕೈ ಹಚ್ಚಬ್ಯಾಡವ್ವ, ತಾನೇ ಬರ್ತದ" ಎಂದು ಪಕ್ಕದ ಮನೆಯ ಆಯಿ ನನ್ನನ್ನು ತಡೆದಿದ್ದರು. ಮರುದಿನ ಬೆಳಗ್ಗೆ ಹೇಟೆಯ ರೆಕ್ಕೆಯಡಿಯಿಂದ ಒದ್ದೆ ತಲೆಯೊಂದು ಇಣುಕಿತ್ತು. ಒಂದು ದಿನ ಮೇವಿಲ್ಲದಿದ್ದರೂ ಗಾಬರಿ ಬೇಡ, ಹೊಟ್ಟೆಯೊಳಗಿನ ಆ ಲೋಳೆಯೇ ಆಹಾರ.

ನಮ್ಮ ಕಡೆ ಮನೆಗಳಲ್ಲಿ ಹೆಚ್ಚಾಗಿ ಶಹಾಬಾದ್ ಪರ್ಸಿ, ಅಲ್ವಾ? ನುಣುಪು ಕಲ್ಲಿನ ಮೇಲೆ ಎಳೆಮರಿ ಜಾರಿದರೆ ಕಾಲು ಅಗಲವಾಗಿ ಸೊಟ್ಟಗಾಗುತ್ತದೆ. ಗೋಣಿಚೀಲ ಹಾಸಿ, ಮೇಲೆ ಶೇಂಗಾ ಹೊಟ್ಟು ಹರಡಿ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ತುಂಬಿಡಿ, ಇಲ್ಲದಿದ್ದರೆ ಮರಿ ಬಿದ್ದು ಮುಳುಗುತ್ತದೆ. ಜೋಳದ ನುಚ್ಚು ಕೊಡಿ, ಆದರೆ ಅದೊಂದೇ ಸಾಲದು. ಮರಿಗಳ ಸ್ಟಾರ್ಟರ್ ಫೀಡ್ ಬೆರೆಸಿ. ಗೆದ್ದಲು ಸಿಕ್ಕರೆ ಇನ್ನೂ ಒಳ್ಳೆಯದು.

ತಾಯಿ ಇಲ್ಲದ ಮರಿಗೆ ಬಲ್ಬ್ ಕಟ್ಟಬೇಕು. ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ರಾತ್ರಿ ಬುಟ್ಟಿ ಮುಚ್ಚಿ ಮೇಲೆ ಕಲ್ಲು ಹೇರಿ. ಬೆಕ್ಕು, ಮುಂಗುಸಿ ಬಿಡುವುದಿಲ್ಲ.

ಲಸಿಕೆ ಮಾತ್ರ ತಪ್ಪಿಸಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಗೂಡಿಗೆ ಗೂಡೇ ಖಾಲಿ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದು ಹನಿ, ಎಂಟನೇ ವಾರದ ಸುಮಾರಿಗೆ ಇಂಜೆಕ್ಷನ್. ಒಂದು ಸೀಸೆ ಲಸಿಕೆ ನೂರಾರು ಮರಿಗೆ ಆಗುತ್ತದೆ, ಕಲಸಿದ ಮೇಲೆ ಇಡಲು ಬರುವುದಿಲ್ಲ. ಓಣಿಯಲ್ಲಿ ಕೋಳಿ ಸಾಕಿದವರೆಲ್ಲ ಮಾತಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ಕೇಳಿ, ಒಂದೇ ದಿನ ಹಾಕಿಸಿ.