ಬಾಡಿದ ಎಲೆ, ಒಣಗಿದ ಕಾಯಿ: ಹತ್ತಿರದಿಂದ ಫೋಟೋ ತೆಗೆಯುವುದು ಹೇಗೆ?

ಯುಗಾದಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಬಾಗಿಲ ಮೇಲೇ ಇದೆಯಾ? ಇದ್ದರೆ ಬಿಚ್ಚಿ ಬಿಸಾಡಬೇಡಿ. ಸ್ಟೂಲ್ ಹತ್ತಿ, ಮೊಬೈಲನ್ನು ಒಂದು ಗೇಣು ದೂರದಲ್ಲಿ ಹಿಡಿದು ನೋಡಿ. ಏಪ್ರಿಲ್ ಬಿಸಿಲಿಗೆ ಎಲೆಯ ಅಂಚು ಒಳಕ್ಕೆ ಸುರುಳಿ ಸುತ್ತಿರುತ್ತದೆ, ಅಡ್ಡ ನರಗಳು ಉಬ್ಬಿ ಎದ್ದಿರುತ್ತವೆ, ನಡುನರದ ಪಕ್ಕದಲ್ಲಿ ಮಾತ್ರ ಒಂದಿಷ್ಟು ಮಾಸಲು ಹಸಿರು ಉಳಿದಿರುತ್ತದೆ. ಇದನ್ನೇ ಫೋಟೋ ತೆಗೆಯಬೇಕು. ಹೇಗೆ ಅಂತ ಹೇಳುತ್ತೇನೆ.

"ನಮ್ ಕಡಿ ಏನದ ಫೋಟೋ ತೆಗೀಲಾಕ, ಬರೇ ಬಿಸಲು" ಅನ್ನುವ ಮಾತು ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಈ ಕೆಲಸಕ್ಕೆ ನಮ್ಮ ಬಿಸಿಲೇ ದೊಡ್ಡ ಅನುಕೂಲ. ಎಲೆಯನ್ನು ಕೊಳೆಸುವ ಬೂಸ್ಟಿಗೆ ತೇವ ಬೇಕು. ಮಲೆನಾಡಿನಲ್ಲಿ ಮಳೆಗೆ ಬಿದ್ದ ಎಲೆ ಬೇಗ ಕಪ್ಪಾಗಿ ಮಣ್ಣು ಸೇರುತ್ತದೆ. ನಮ್ಮಲ್ಲಿ ಚಳಿಗಾಲದಿಂದ ಮೇ ತನಕ ತೇವವೇ ಕಡಿಮೆ, ಹಾಗಾಗಿ ಗಿಡ ಮೊದಲು ಪೂರ್ತಿ ಒಣಗುತ್ತದೆ, ಕೊಳೆಯುವುದು ಜೂನ್ ಮಳೆ ಬಿದ್ದ ಮೇಲೆ. ನಡುವೆ ಎಷ್ಟೋ ವಾರ ಅದು ತನ್ನ ಆಕಾರ ಬಿಡದೆ ನಿಂತಿರುತ್ತದೆ. ಕ್ಯಾಮೆರಾ ಹಿಡಿದವರಿಗೆ ಇನ್ನೇನು ಬೇಕು!

ಮೊದಲು ಗಿಡ ಆರಿಸಿ

ತೊಗರಿಯಿಂದ ಶುರು ಮಾಡಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನಲ್ಲಿ ಬೆಳೆಗೆ ಸಿಗುವ ಗುರುತು) ಸಿಕ್ಕಿದ್ದು ಎಲ್ಲರಿಗೂ ಗೊತ್ತು, ಆದರೆ ಒಣಗಿದ ತೊಗರಿ ಕಾಯಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದವರು ಕಡಿಮೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದ ಹೊಲದ ಬದುವಿನಲ್ಲಿ ಒಂದೆರಡು ಗಿಡ ಉಳಿದೇ ಇರುತ್ತವೆ. ಕಾಯಿಯ ಮೇಲೆ ಕಾಳು ಕಾಳಿನ ನಡುವೆ ಓರೆಯಾದ ತಗ್ಗುಗಳಿವೆ, ಓರೆ ಬಿಸಿಲು ಬಿದ್ದರೆ ಪ್ರತಿ ತಗ್ಗಿನಲ್ಲೂ ನೆರಳು ಕೂರುತ್ತದೆ. ಸಿಡಿದ ಕಾಯಿಯಾದರೆ ಎರಡು ಸಿಪ್ಪೆಗಳೂ ತಿರುಚಿಕೊಂಡಿರುತ್ತವೆ. ಹೊರಗೆ ಒರಟು, ಕಂದು. ಒಳಗೆ ನುಣುಪು, ತಿಳಿ ಬಣ್ಣ, ಕಾಳು ಕೂತಿದ್ದ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಹೊರಗಿನದೂ ಒಳಗಿನದೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಸಿಪ್ಪೆಯನ್ನು ತಿರುಗಿಸಿ ಇಡಿ.

ಯಾದಗಿರಿ ಕಡೆಯವರಿಗೆ ಹತ್ತಿ ಇದೆ. ಬಿಡಿಸಿದ ಮೇಲೆ ಗಿಡದಲ್ಲಿ ಉಳಿಯುವ ಖಾಲಿ ಕಾಯಿ ನಾಲ್ಕೈದು ಎಸಳಾಗಿ ಬಿರಿದಿರುತ್ತದೆ, ತುದಿಗಳು ಚೂಪು, ಅಲ್ಲಲ್ಲಿ ಒಂದೆಳೆ ಅರಳೆ. ಸೂರ್ಯಕಾಂತಿ ಸಿಕ್ಕರೆ ಬಿಡಬೇಡಿ. ತೆನೆ ತಲೆ ಬಗ್ಗಿಸಿ, ಬೆನ್ನು ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುತ್ತದೆ. ಮುಂದುಗಡೆ ಬೀಜದ ಸಾಲುಗಳು ಎಡಕ್ಕೂ ಬಲಕ್ಕೂ ಸುರುಳಿಯಾಗಿ ಸಾಗುತ್ತವೆ, ಎಣಿಸಿದರೆ ಸಾಮಾನ್ಯವಾಗಿ ಒಂದು ಕಡೆ 34, ಇನ್ನೊಂದು ಕಡೆ 55. ಹಕ್ಕಿ ತಿಂದು ಅರ್ಧ ಖಾಲಿಯಾದ ತೆನೆಯಲ್ಲಿ ಈ ಸುರುಳಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕುಸುಬೆಯ ಮುಳ್ಳು, ಜೋಳದ ಕೂಳೆ, ರಸ್ತೆ ಬದಿಯ ಎಕ್ಕದ ಕಾಯಿಯೊಳಗಿನ ರೇಷ್ಮೆಯಂಥ ಎಳೆ, ಇವೂ ಆಗುತ್ತವೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ, ಹಸಿ ಗಿಡ ಮುರಿಯಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಒಣಗಿದ ಕಾಂಗ್ರೆಸ್ ಕಸದಿಂದ ದೂರ ಇರಿ, ಅಲರ್ಜಿ ಬರುತ್ತದೆ. ಎಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಚೇಳು ಇರಬಹುದು. ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹೋದರೆ ಫೋಟೋ ಮಾತ್ರ ತೆಗೆದುಕೊಂಡು ಬನ್ನಿ, ಅಲ್ಲಿನ ಎಲೆ, ಕಾಯಿ ಅಲ್ಲೇ ಇರಲಿ.

ಯಾವ ಹಂತದಲ್ಲಿ ತೆಗೆಯಬೇಕು?

ನನ್ನ ಪ್ರಕಾರ ಇದೇ ಮುಖ್ಯ, ಲೆನ್ಸು ಗಿನ್ಸು ಎಲ್ಲ ಆಮೇಲೆ. ಎಲೆ ಒಂದೇ ಸಲಕ್ಕೆ ಒಣಗುವುದಿಲ್ಲ. ಮೊದಲು ಹಸಿರು ಕೊಡುವ ಕ್ಲೋರೋಫಿಲ್ ಒಡೆಯುತ್ತದೆ, ಆಗ ಅದರ ಕೆಳಗೆ ಮೊದಲಿನಿಂದಲೂ ಇದ್ದ ಹಳದಿ ಹೊರಗೆ ಬರುತ್ತದೆ. ಕೊನೆಗೆ ಕಂದು. ಎಷ್ಟೋ ಎಲೆಗಳಲ್ಲಿ ಅಂಚು ಮೊದಲು ಹೋಗುತ್ತದೆ, ನರದ ಪಕ್ಕದ ಹಸಿರು ಕೊನೆಗೆ. ಹಸಿರು, ಹಳದಿ, ಕಂದು ಮೂರೂ ಒಂದೇ ಎಲೆಯಲ್ಲಿರುವ ದಿನಗಳು ಕೆಲವೇ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಆ ದಿನ ತಪ್ಪಬಾರದು ಅಂದರೆ ಒಂದು ಗಿಡವನ್ನು ದಿನಾ ನೋಡಬೇಕು. ಅಂಗಳದ ಪಪ್ಪಾಯಿ ಗಿಡದ ಒಂದು ಎಲೆ ಸಾಕು. ಅದೇ ಎಲೆ, ಅದೇ ಜಾಗ, ಅದೇ ಹೊತ್ತು, ದಿನಕ್ಕೊಂದು ಫೋಟೋ. ಸಾಲಾಗಿ ಜೋಡಿಸಿ ನೋಡಿದಾಗ ಬಣ್ಣ ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದು ಕಾಣುತ್ತದೆ, ಮುಂದಿನ ಸಲ ಯಾವ ದಿನ ಕಾಯಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಕೊನೆಯ ಹಂತ ಅಂದರೆ ನರಗಳ ಬಲೆ. ನರದಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಇರುವುದರಿಂದ ಅದು ಸುಲಭಕ್ಕೆ ಕೊಳೆಯುವುದಿಲ್ಲ, ಮೆತ್ತನೆಯ ಭಾಗ ಹೋದರೂ ಬಲೆ ಉಳಿಯುತ್ತದೆ. ಅರಳಿ ಎಲೆಯಲ್ಲಿ ಇದನ್ನು ಮನೆಯಲ್ಲೇ ಮಾಡಬಹುದು. ಬಕೆಟ್ ನೀರಿನಲ್ಲಿ ಎಲೆ ಮುಳುಗಿಸಿ ಎರಡು ಮೂರು ವಾರ ಬಿಡಿ, ನಡುನಡುವೆ ನೀರು ಬದಲಿಸಿ. ವಾಸನೆ ಬರುತ್ತದೆ, ಹಿತ್ತಿಲಲ್ಲಿಡಿ, ಸೊಳ್ಳೆ ಮೊಟ್ಟೆ ಇಡದಂತೆ ಮುಚ್ಚಿ. ಆಮೇಲೆ ಅಗಲ ತಟ್ಟೆಯ ನೀರಿನಲ್ಲೇ ಎಲೆ ಹರಡಿ ಮೆತ್ತನೆಯ ಟೂತ್‌ಬ್ರಷ್‌ನಿಂದ ಹಗುರಾಗಿ ತಟ್ಟಿ, ಉಜ್ಜಬೇಡಿ. ತಿರುಳು ಬಿಟ್ಟುಕೊಳ್ಳುತ್ತದೆ. ಒಣಗಿಸಿ ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ, ಬಿದರಿ ಹೂಜಿಯ ಮೇಲೆ ಬೆಳ್ಳಿ ಎಳೆ ಕೂರಿಸಿದ ಹಾಗಿರುತ್ತದೆ.

ಬೆಳಕು

ಚಳಿಗಾಲದಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ ಒಳ್ಳೆಯ ಹೊತ್ತು. ಏಪ್ರಿಲ್, ಮೇನಲ್ಲಿ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತದೆ, ಇನ್ನೂ ಬೇಗ ಏಳಿ. ತೆಳ್ಳಗಿನ ಎಲೆಗೆ ಬೆಳಕು ಹಿಂದಿನಿಂದ ಬರಲಿ, ನರ, ತೂತು, ಹುಳ ತಿಂದ ಜಾಗ ಎಲ್ಲ ಬಿಡಿಸಿಟ್ಟಂತೆ ಕಾಣುತ್ತದೆ. ದಪ್ಪ ಕಾಯಿ, ತೊಗಟೆ, ತೆನೆಗೆ ಬೆಳಕು ಪಕ್ಕದಿಂದ, ನೆಲಕ್ಕೆ ತಾಗುವ ಹಾಗೆ ಓರೆಯಾಗಿ ಬರಬೇಕು. ಮೊಬೈಲ್ ಫ್ಲಾಶ್ ಹಾಕಲೇಬೇಡಿ, ಉಬ್ಬು ತಗ್ಗು ಎಲ್ಲ ಚಪ್ಪಟೆಯಾಗುತ್ತದೆ. ಬಿಸಿಲು ಜೋರಾಗಿದ್ದರೆ ಬಿಳಿ ಧೋತರವನ್ನು ಅಡ್ಡ ಹಿಡಿದರೆ ಬೆಳಕು ಮೆತ್ತಗಾಗುತ್ತದೆ. ನೆರಳಿನ ಕಡೆ ಒಂದು ಬಿಳಿ ಹಾಳೆ ನಿಲ್ಲಿಸಿ.

ಮನೆಯೊಳಗೂ ಆಗುತ್ತದೆ. ಉಳಿದ ಕಿಟಕಿ, ಬಾಗಿಲು ಮುಚ್ಚಿ ಒಂದನ್ನೇ ತೆರೆದಿಡಿ, ಅದರ ಪಕ್ಕ ನೆಲದ ಮೇಲೆ ಕಾಯಿ ಇಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಶಹಾಬಾದ್ ಪರ್ಸಿ ಹಾಸಿದೆ ಅಲ್ವಾ, ಆ ಬೂದು ಕಲ್ಲು ಕಂದು ಬಣ್ಣಕ್ಕೆ ಹೇಳಿ ಮಾಡಿಸಿದ ಹಿನ್ನೆಲೆ. ದುಡ್ಡು ಕೊಟ್ಟು ಬ್ಯಾಕ್‌ಡ್ರಾಪ್ ತರಬೇಕಿಲ್ಲ.

ಮೊಬೈಲ್, ಕ್ಯಾಮೆರಾ

ಮೊಬೈಲಿನವರು ತೀರಾ ಹತ್ತಿರ ಹೋಗಬೇಡಿ, ಫೋನಿನ ನೆರಳೇ ಎಲೆಯ ಮೇಲೆ ಬೀಳುತ್ತದೆ. ಸ್ವಲ್ಪ ಹಿಂದೆ ಸರಿದು ಮುಖ್ಯ ಕ್ಯಾಮೆರಾದಲ್ಲಿ 2 ಪಟ್ಟು ಜೂಮ್ ಇಡಿ. ಕಡಿಮೆ ಬೆಲೆಯ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾಕ್ಕಿಂತ ಇದೇ ವಾಸಿ. ಬೇಕಾದ ನರದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಪರದೆಯ ಮೇಲೆ ಕಾಣುವ ಬೆಳಕಿನ ಗುರುತನ್ನು ಒಂಚೂರು ಕೆಳಗೆ ಎಳೆಯಿರಿ. 2 ಸೆಕೆಂಡ್ ಟೈಮರ್ ಇಟ್ಟರೆ ಗುಂಡಿ ಒತ್ತುವಾಗ ಕೈ ಅಲುಗಿದ್ದು ಫೋಟೋದಲ್ಲಿ ಬರುವುದಿಲ್ಲ.

ಕ್ಯಾಮೆರಾ ಇದ್ದವರಿಗೆ 1:1 ಮ್ಯಾಕ್ರೋ ಲೆನ್ಸ್ (ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಸೆನ್ಸರ್ ಮೇಲೆ ಮೂಡಿಸುವ ಲೆನ್ಸ್) ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹಳೆಯ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಾಮುರುಗಾ ಕೂರಿಸಿದರೂ ನಡೆಯುತ್ತದೆ. ಒಂದು ಮಾತು ನೆನಪಿರಲಿ: ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ, 1:1ರಲ್ಲಿ, ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಎಫ್/16 ದಾಟಿದರೆ ಇಡೀ ಫೋಟೋ ಮಬ್ಬಾಗತೊಡಗುತ್ತದೆ. ಅದಕ್ಕೇ ಎಲೆಯನ್ನು ಲೆನ್ಸಿಗೆ ಸಮನಾಗಿ ಹಿಡಿಯಿರಿ. ಸುರುಳಿ ಸುತ್ತಿದ ಎಲೆಯಾದರೆ ಯಾವ ಅಂಚು ಬೇಕು ಅಂತ ಮೊದಲೇ ನಿರ್ಧರಿಸಿ, ಉಳಿದದ್ದು ಮಸುಕಾಗಲಿ ಬಿಡಿ. ಹೊಲದಲ್ಲಿ ಗಾಳಿ ಜಾಸ್ತಿ, ಒಂದು ಕೋಲು ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ದಂಟು ಹಿಡಿಸಿ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಕಂದು ಬಣ್ಣ ಬೂದಾಗಿಬಿಡಬಹುದು, ಬಿಸಿಲಿನ ಗುರುತಿಗೆ ಬದಲಿಸಿ.

ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ತಾನೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ ಬೀಜ, ಕಾಂಡ, ಮೊಗ್ಗುಗಳನ್ನು 30 ಪಟ್ಟು ತನಕ ದೊಡ್ಡದು ಮಾಡಿ ತೆಗೆದವರು. ಹಿನ್ನೆಲೆ ಬರೀ ಬೂದು ಇಲ್ಲವೇ ಬಿಳಿ ಹಾಳೆ, ಬೆಳಕು ಮೆತ್ತಗೆ, ಅಷ್ಟೇ. ಚೌಕಟ್ಟಿನಲ್ಲಿ ಒಂದೇ ವಸ್ತು ಇದ್ದರೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದನ್ನು ಅವರ ಫೋಟೋಗಳಲ್ಲಿ ನೋಡಿ ಕಲಿಯಬಹುದು.

ಒರೆಸಬೇಡಿ

ಎಲೆಯ ಮೇಲಿನ ಧೂಳು ಒಂದು ಸಲ ಊದಿ, ಸಾಕು. ಕಪ್ಪು ಚುಕ್ಕೆ, ಜೇಡರ ಬಲೆಯ ತುಂಡು, ಗೆದ್ದಲು ಕೊರೆದ ಗೀರು ಇರಬೇಕು. ಒಣಗಿದ ಮೇಲೆ ಆ ಎಲೆಯಲ್ಲಿ ನಡೆದದ್ದೆಲ್ಲ ಅವುಗಳಲ್ಲೇ ಇದೆ. ಮೊಬೈಲಿನಲ್ಲಿ ಆ ಚುಕ್ಕೆಗಳನ್ನು ಅಳಿಸುವ ಆ್ಯಪ್ ಬಳಸಿದರೆ ಉಳಿಯುವುದು ಕಾಗದದ ಎಲೆ. ಬಣ್ಣವನ್ನೂ ಎಳೆದು ಕಿತ್ತಳೆ ಮಾಡಬೇಡಿ, ಕಂದಿನಲ್ಲೇ ಎಷ್ಟೊಂದು ಬಗೆ ಇದೆ.

ಪ್ರತಿ ಫೋಟೋಕ್ಕೆ ಗಿಡದ ಹೆಸರು, ಊರು, ತಿಂಗಳು ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಹೊಲದಲ್ಲಿ ಕೆಲಸ ಮಾಡುವ ಹಿರಿಯರಿಗೆ ಫೋಟೋ ತೋರಿಸಿ ಕೇಳಿ, ಎಲೆ ಇಲ್ಲದ ಒಣ ಕಾಯಿ ನೋಡಿಯೇ ಗುರುತು ಹಿಡಿದು ಅದು ಯಾವ ಹೊಲದ ಬದುವಿನಲ್ಲಿ ಇನ್ನಷ್ಟು ಸಿಗುತ್ತದೆ ಅಂತಲೂ ಹೇಳುತ್ತಾರೆ.