ಮೊಲ ಹೋಗಬಾರದ ಕೋಣೆಗೆ ಹೋಗದಂತೆ ತಡೆಯುವುದು

ಮುಚ್ಚಿದ ಬಾಗಿಲ ಬುಡವನ್ನು ಮೊಲ ಕೆರೆಯುವುದು, ಕಡಿಯುವುದು ಹಟಕ್ಕಲ್ಲ. ತಾನು ಓಡಾಡುವ ಜಾಗವನ್ನೆಲ್ಲ ಅದು ದಿನವೂ ಸುತ್ತುತ್ತದೆ, ಗದ್ದದ ಕೆಳಗಿನ ಗ್ರಂಥಿಯನ್ನು ಮೂಲೆಮೂಲೆಗೂ ಉಜ್ಜಿ ತನ್ನ ವಾಸನೆ ಬಿಡುತ್ತದೆ. ನಿನ್ನೆ ತೆರೆದಿದ್ದ ಕೋಣೆ ಇಂದು ಮುಚ್ಚಿದ್ದರೆ ತನ್ನ ಜಾಗವನ್ನು ಯಾರೋ ಕಸಿದುಕೊಂಡಂತೆ ಅದಕ್ಕೆ. ಆದ್ದರಿಂದ ಯಾವ ಕೋಣೆಗೆ ಬಿಡಬಾರದೆಂದು ಮೊಲ ಮನೆಗೆ ಬರುವ ಮೊದಲೇ ತೀರ್ಮಾನಿಸಿ. ವಾರಕ್ಕೆರಡು ದಿನ ಬಿಟ್ಟು ಉಳಿದ ದಿನ ತಡೆಯುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ.

ಈಗಾಗಲೇ ನುಗ್ಗುತ್ತಿದ್ದರೆ, ಆ ಕೋಣೆಯಲ್ಲಿ ಅದಕ್ಕೆ ಏನು ಸಿಗುತ್ತಿದೆ ಎಂದು ನೋಡಿ. ಮಲಗುವ ಕೋಣೆಯಾದರೆ ಬಹುಪಾಲು ಮಂಚದ ಕೆಳಗಿನ ಕತ್ತಲು. ಎರಡು ಬದಿಯಲ್ಲೂ ಬಾಯಿ ಕೊರೆದ ರಟ್ಟಿನ ಪೆಟ್ಟಿಗೆಯನ್ನು ಮೊಲ ಇರಬೇಕಾದ ಜಾಗದಲ್ಲಿಟ್ಟರೆ ಆ ಆಸೆ ಅರ್ಧ ತೀರುತ್ತದೆ. ಬೇಸಿಗೆಯಲ್ಲಿ ಬಚ್ಚಲುಮನೆಯ ಬಾಗಿಲಲ್ಲೇ ಕಾದು ಕೂತರೆ ಅದು ಹುಡುಕುತ್ತಿರುವುದು ತಂಪು ನೆಲ. ಶಾಖ 28–30 ಡಿಗ್ರಿ ದಾಟಿದರೆ ಮೊಲಕ್ಕೆ ತಡೆಯಲಾಗದು, ಹಾಗಾಗಿ ಮಲಗುವ ಕಡೆ ಒಂದು ಗ್ರಾನೈಟ್ ತುಂಡು, ಪಕ್ಕದಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ ಇಡಿ. ಬಾಗಿಲ ಅಂಚು ಕಡಿಯುವ ಮೊಲಕ್ಕೆ ಹುಲ್ಲು ಸಾಲುತ್ತಿಲ್ಲದಿರಬಹುದು. ಬಾಚಿಹಲ್ಲು ವಾರಕ್ಕೆ 2–3 ಮಿ.ಮೀ. ಬೆಳೆಯುತ್ತಲೇ ಇರುತ್ತದೆ, ಅದು ಸವೆಯಬೇಕಾದದ್ದು ಹುಲ್ಲು ತಿಂದೇ. ಒಣಹುಲ್ಲು ಹಗಲೂ ರಾತ್ರಿ ಇರಲಿ. ಸೀಬೆ, ಹಿಪ್ಪುನೇರಳೆ ಕಡ್ಡಿಗಳನ್ನು ತೊಳೆದು ಕೊಡಿ, ಔಷಧಿ ಹೊಡೆದ ತೋಟದ್ದು ಬೇಡ.

ಇನ್ನು ತಡೆಗೋಡೆ. ಮಕ್ಕಳಿಗೆ ಹಾಕುವ ಗೇಟು ಸಾಕು, ಆದರೆ ಕಬ್ಬಿಣದ್ದೇ ಬೇಕು. ಪ್ಲಾಸ್ಟಿಕ್ಕಿನದನ್ನು ಕಡಿದು ತೂತು ಮಾಡುತ್ತದೆ, ಚೂರು ನುಂಗಿದರೆ ಕರುಳು ಕಟ್ಟುತ್ತದೆ. ಎತ್ತರ ಕನಿಷ್ಠ 75 ಸೆಂ.ಮೀ., ಚೆನ್ನಾಗಿ ನೆಗೆಯುವ ಮೊಲವಾದರೆ 90. ಗೇಟಿನ ಹತ್ತಿರ ಸ್ಟೂಲು, ಸೋಫಾ ಇದ್ದರೆ ಆ ಎತ್ತರ ಲೆಕ್ಕಕ್ಕಿಲ್ಲ, ಒಂದು ಮೀಟರಾದರೂ ದೂರ ಸರಿಸಿ. ಈ ಗೇಟುಗಳ ಸರಳಿನ ಸಂದು ಸಾಮಾನ್ಯವಾಗಿ 5–6 ಸೆಂ.ಮೀ. ಇರುತ್ತದೆ. ತಲೆ ತೂರಿದರೆ ಮೈಯನ್ನೂ ತೂರಿಸಲು ನೋಡುತ್ತದೆ, ಮರಿಗಳಂತೂ ಸಲೀಸಾಗಿ ದಾಟುತ್ತವೆ, ದೊಡ್ಡವು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಳಗಿನ 50 ಸೆಂ.ಮೀ.ವರೆಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಕಟ್ಟಿ. ಕೋಳಿ ಜಾಲರಿ ತೆಳು, ಎಳೆದೆಳೆದು ಬಗ್ಗಿಸುತ್ತದೆ. ಕಟ್ಟಲು ಬೈಂಡಿಂಗ್ ವೈರ್ ಬಳಸಿ, ತುದಿಗಳನ್ನು ಮೊಲವಿಲ್ಲದ ಬದಿಗೆ ಮಡಚಿ. ಪ್ಲಾಸ್ಟಿಕ್ ಟೈ ಒಂದೇ ರಾತ್ರಿಯಲ್ಲಿ ಹೋಗಬಹುದು. ಗೇಟಿನ ಕೆಳಗೆ 3 ಸೆಂ.ಮೀ.ಗಿಂತ ಹೆಚ್ಚು ಸಂದು ಬಿಡಬೇಡಿ, ಮೂತಿ ತೂರಿಸಿ ಎತ್ತುತ್ತದೆ.

ಸೊಳ್ಳೆ ಪರದೆಯ ಬಾಗಿಲನ್ನು ನಂಬಿ ಕೂರಬೇಡಿ. ಫೈಬರ್ ಪರದೆಯನ್ನು ಮೊಲ ನಿಮಿಷಗಳಲ್ಲಿ ಹರಿಯುತ್ತದೆ, ಸ್ಟೀಲ್ ಜಾಲರಿ ಬೇಕು. ಫ್ಲಶ್ ಡೋರಿನ ಕೆಳ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದರೆ ಬಾಗಿಲೂ ಉಳಿಯುತ್ತದೆ, ಅಂಟು ಹಾಕಿದ ಪ್ಲೈವುಡ್ ಚೂರು ಹೊಟ್ಟೆಗೆ ಹೋಗುವುದೂ ತಪ್ಪುತ್ತದೆ.

ಖರ್ಚಿಲ್ಲದ ಉಪಾಯವೂ ಒಂದಿದೆ. ಮೊಲದ ಪಾದಕ್ಕೆ ನಾಯಿ ಬೆಕ್ಕುಗಳ ಹಾಗೆ ಮೆತ್ತೆಯಿಲ್ಲ, ಬರೀ ಕೂದಲು, ಹಾಗಾಗಿ ನುಣುಪು ಟೈಲ್ಸ್ ಮೇಲೆ ಜಾರುತ್ತದೆ. ಬೇಡದ ಕೋಣೆಯ ಮುಂದಿನ ಕಾಲೊರೆಸು, ಜಮಖಾನೆ ತೆಗೆದು ಎರಡು ಮೀಟರ್ ಬರಿ ನೆಲ ಬಿಡಿ, ಅದು ಇರಬೇಕಾದ ಕಡೆ ಚಾಪೆ ಹಾಸಿ. ಅಂಜುಬುರುಕ ಮೊಲಗಳಿಗೆ ಇಷ್ಟೇ ಸಾಕಾಗುತ್ತದೆ. ಧೈರ್ಯಸ್ಥ ಮೊಲಕ್ಕೆ ಗೇಟೇ ಗತಿ.

ದೇವರ ಮನೆ, ಅಡುಗೆಮನೆ, ಉಗ್ರಾಣ, ಈ ಮೂರರಲ್ಲಿ ರಾಜಿ ಬೇಡ. ಕರ್ಪೂರ, ನುಸಿಗುಳಿಗೆ, ಇಲಿಪಾಷಾಣ, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಅದಕ್ಕೆ ವಿಷ. ಪೂಜೆಗೆ ತಂದ ಕಣಗಿಲೆ ಹೂವಂತೂ ಪ್ರಾಣಕ್ಕೇ ಅಪಾಯ. ಕಂಪ್ಯೂಟರ್ ಇರುವ ಕೋಣೆಯಲ್ಲಿ ಗೇಟಿದ್ದರೂ ವೈರುಗಳನ್ನು ಕೇಸಿಂಗ್ ಪಟ್ಟಿಯೊಳಗೆ ಹಾಕಿಸಿ, ಇಲ್ಲವೇ ನೆಲದಿಂದ ಒಂದು ಮೀಟರ್ ಮೇಲೆ ಕಟ್ಟಿ. ಗೇಟು ಮರೆತು ತೆರೆದುಳಿಯುವ ದಿನ ಬಂದೇ ಬರುತ್ತದೆ.

ಗೇಟು ಹಾಕಿದ ಮೊದಲ ಕೆಲವು ರಾತ್ರಿ ಸರಳು ಕಡಿದು ಗಲಾಟೆ ಮಾಡುತ್ತದೆ. ಮೊಲ ಚುರುಕಾಗುವುದೇ ಮುಂಜಾನೆ, ಮುಸ್ಸಂಜೆಗೆ. ನಿದ್ದೆಗೆಟ್ಟು ಒಮ್ಮೆ ತೆರೆದಿರೋ, ಕಡಿದರೆ ಬಾಗಿಲು ತೆರೆಯುತ್ತದೆ ಎಂದು ಅದು ಕಲಿಯಿತು. ಬೈಯಲು ಎದ್ದು ಹೋದರೂ ಅಷ್ಟೇ. ಬದಲಿಗೆ ರಾತ್ರಿ ಹುಲ್ಲನ್ನು ಗೇಟಿನಿಂದ ದೂರ ಹಾಕಿ, ಸೊಪ್ಪನ್ನು ಗಲಾಟೆಯ ಹೊತ್ತಿಗೆ ಮುಂಚೆಯೇ ಕೊಡಿ. ಹಗಲಲ್ಲಿ ಹೊಸ್ತಿಲ ಹತ್ತಿರ ಬಂದಾಗ ಹೆಸರು ಕರೆದು, ತಿರುಗಿ ಬಂದ ಕೂಡಲೇ ಉಗುರಗಲದ ಬಾಳೆಹಣ್ಣು ಕೊಡಿ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ನೀರು ಎರಚುವುದು, ಕಿವಿ ಹಿಡಿದು ಎತ್ತುವುದು ಖಂಡಿತ ಕೂಡದು. ಗಾಬರಿಯಲ್ಲಿ ಹಿಂಗಾಲು ಜಾಡಿಸಿದರೆ ಬೆನ್ನುಮೂಳೆಯೇ ಮುರಿಯಬಹುದು.

ಪ್ರಾಯಕ್ಕೆ ಬಂದ ಮೊಲ ಹಾಸಿಗೆ ಹತ್ತಿ ಉಚ್ಚೆ ಹೊಯ್ಯುತ್ತಿದ್ದರೆ ಗೇಟು ಅರ್ಧ ಪರಿಹಾರ ಮಾತ್ರ. ಗಂಡಿಗೆ ಸುಮಾರು 4, ಹೆಣ್ಣಿಗೆ 6 ತಿಂಗಳಾದ ಮೇಲೆ ಸಂತಾನಹರಣ ಮಾಡಿಸಿ. ಗುರುತು ಹಾಕುವ ಚಟ ನಾಲ್ಕಾರು ವಾರದಲ್ಲಿ ತಗ್ಗುತ್ತದೆ, ಹೆಣ್ಣಿಗೆ ಗರ್ಭಕೋಶದ ಕ್ಯಾನ್ಸರಿನ ಭಯವೂ ತಪ್ಪುತ್ತದೆ. ಮೊಲದ ಶಸ್ತ್ರಚಿಕಿತ್ಸೆ ಮಾಡಿ ಅನುಭವವಿರುವ ಪಶುವೈದ್ಯರನ್ನೇ ಹುಡುಕಿ. ಹಿಂದಿನ ರಾತ್ರಿ ಉಪವಾಸ ಕೆಡವಿ ಎಂದರೆ ಬೇರೆಯವರನ್ನು ನೋಡಿ, ಮೊಲಕ್ಕೆ ವಾಂತಿಯಾಗದು, ಹೊಟ್ಟೆ ಖಾಲಿ ಬಿಟ್ಟರೇ ತೊಂದರೆ. ಉಚ್ಚೆಯಾದ ಟೈಲ್ಸನ್ನು ಸಮಪಾಲು ವಿನೆಗರ್, ನೀರಿನಿಂದ ಒರೆಸಿ, ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ. ಅಮೃತಶಿಲೆಯ ನೆಲಕ್ಕೆ ವಿನೆಗರ್ ಬೇಡ, ಕಲೆ ಬೀಳುತ್ತದೆ, ಸೋಪುನೀರು ಸಾಕು.

ಕಾಲ ಸಂದಿಯಲ್ಲಿ ನುಸುಳುವ ಮೊಲ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗುವುದುಂಟು. ಗಾಳಿಗೆ ಬಡಿಯುವ ಬಾಗಿಲಿಗೆಲ್ಲ ಡೋರ್ ಸ್ಟಾಪರ್ ಹಾಕಿ, ಮುಚ್ಚುವ ಮೊದಲು ಕೆಳಗೆ ನೋಡಿ. ಇಷ್ಟಾಗಿಯೂ ಒಳಗೆ ನುಗ್ಗಿ ಜಮಖಾನೆ, ಫೋಮು ಏನಾದರೂ ತಿಂದಿದ್ದರೆ ಹಿಕ್ಕೆ ಗಮನಿಸಿ. ಹನ್ನೆರಡು ಗಂಟೆ ಕಾಲ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಇದ್ದರೆ ಬೆಳಗಾಗಲಿ ಎನ್ನದೆ ಆಗಲೇ ಆಸ್ಪತ್ರೆಗೆ ಒಯ್ಯಿರಿ.